380 ಲೀಟರಿನ ಸಂಸಾರ

ಅಮೆರಿಕದ ಅರಿಜೋನಾ ರಾಜ್ಯದ ಪಡುವಣ ಅಂಚಿನಲ್ಲಿ ಕ್ವಾರ್ಟ್ಸ್‌ಸೈಟ್ ಎಂಬ ಊರಿದೆ. 2020ರ ಜನಗಣತಿಗೆ ಅಲ್ಲಿ ಸಿಕ್ಕವರು 2,413 ಮಂದಿ. ಜುಲೈಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಸೋನೊರನ್ ಮರುಭೂಮಿಯಲ್ಲಿ ಅಷ್ಟು ಜನ ಉಳಿದಿರುವುದೇ ಹೆಚ್ಚು. ಆದರೆ ಶರತ್ಕಾಲದಲ್ಲಿ ಗಾಳಿ ತುಸು ತಣ್ಣಗಾಯಿತೋ, ಹೆದ್ದಾರಿಯಲ್ಲಿ ಮನೆಗಳೇ ಉರುಳಿಕೊಂಡು ಬರತೊಡಗುತ್ತವೆ. ಮಂಚ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲವನ್ನೂ ಹೊತ್ತ ಮೋಟಾರ್‌ಹೋಮ್‌ಗಳು. ಚಳಿಗಾಲ ಮುಗಿಯುವಷ್ಟರಲ್ಲಿ ಬಂದುಹೋದವರನ್ನು ಲಕ್ಷಗಳಲ್ಲಿ ಎಣಿಸುತ್ತಾರೆ.

ಇಷ್ಟೊಂದು ಮನೆ ನಿಲ್ಲುವುದೆಲ್ಲಿ? ಅಲ್ಲಿನ ಕೇಂದ್ರ ಸರ್ಕಾರದ ಭೂನಿರ್ವಹಣಾ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ನೆಲವಿದೆ. ಐದು ಕರ್ನಾಟಕಗಳನ್ನು ಅದರೊಳಗಿಟ್ಟರೂ ಇನ್ನಷ್ಟು ಮಿಗುತ್ತದೆ. ಅದರಲ್ಲಿ ಬಹುಭಾಗದಲ್ಲಿ 14 ದಿನ ಪುಕ್ಕಟೆ ತಂಗಬಹುದು, ಆಮೇಲೆ ಜಾಗ ಖಾಲಿ ಮಾಡಬೇಕು. ಕ್ವಾರ್ಟ್ಸ್‌ಸೈಟ್ ಪಕ್ಕದ ಲಾ ಪೋಸಾ ಬಯಲಿನ 11,400 ಎಕರೆಗೆ ಬೇರೆ ಕಾನೂನು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಏಳು ತಿಂಗಳು ಅಲ್ಲೇ ಬಿಡಾರ ಹೂಡಬಹುದು. ಇದಕ್ಕೆ ಬಹಳ ವರ್ಷ ಇದ್ದ ಶುಲ್ಕ 180 ಡಾಲರ್, ಅಂದರೆ ದಿನಕ್ಕೆ ಒಂದು ಡಾಲರೂ ಇಲ್ಲ. ಆ ದೇಶದಲ್ಲಿ ಇಷ್ಟು ಅಗ್ಗದ ಬಾಡಿಗೆ ಇನ್ನೆಲ್ಲಿ ಸಿಕ್ಕೀತು!

ಉಳಿದದ್ದು ಯಾವುದೂ ಅಗ್ಗವಲ್ಲ. ನಲವತ್ತು ಅಡಿ ಉದ್ದದ ಮೋಟಾರ್‌ಹೋಮ್ ಲೀಟರ್ ಡೀಸೆಲ್ಲಿಗೆ ಓಡುವುದು ಮೂರು, ಮೂರೂವರೆ ಕಿಲೋಮೀಟರ್. ಹಿಮಕ್ಕೆ ಹೆದರಿ ಕೆನಡಾದ ಕ್ಯಾಲ್ಗರಿಯಿಂದ ಹೊರಟವರ ಮುಂದಿರುವುದು 2,000 ಕಿಲೋಮೀಟರಿಗೂ ಮಿಕ್ಕಿದ ದಾರಿ. ಬರುವ ಹಾದಿಯಲ್ಲೇ 600 ಲೀಟರ್ ಸುಟ್ಟಿರುತ್ತದೆ.

ಆದರೂ ಈ ಜನ ಡೀಸೆಲ್ಲಿಗೆ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಕರೆಂಟಿನ ಚಿಂತೆಯೂ ಇಲ್ಲ. ದಕ್ಷಿಣಕ್ಕಿರುವ ಯೂಮಾ ನಗರ ವರ್ಷಕ್ಕೆ 4,000 ಗಂಟೆಗೂ ಹೆಚ್ಚು ಬಿಸಿಲು ಕಾಯುವ ಸೀಮೆ. ಮಾಡಿನ ಮೇಲೆ ಸೋಲಾರ್ ಹಲಗೆ ಹರಡಿದರೆ ಸಾಕು. ಎಲ್ಲ ಲೆಕ್ಕವೂ ಬಂದು ನಿಲ್ಲುವುದು ನೀರಿನಲ್ಲಿ.

ದೊಡ್ಡ ಮೋಟಾರ್‌ಹೋಮಿನ ಹೊಟ್ಟೆಯಲ್ಲಿರುವ ಟ್ಯಾಂಕಿಗೆ ಹಿಡಿಯುವುದು 380 ಲೀಟರ್. ಕೇಳಲು ಬೇಕಾದಷ್ಟಾಯಿತು. ಆದರೆ ಅಮೆರಿಕದ ಊರಮನೆಯಲ್ಲಿ ಒಬ್ಬ ವ್ಯಕ್ತಿ ದಿನಕ್ಕೆ ಬಳಸುವ ನೀರು 300 ಲೀಟರಿಗೂ ಹೆಚ್ಚು! ಅಂದರೆ ಅಲ್ಲಿ ಒಬ್ಬರ ಒಂದು ದಿನಕ್ಕೆ ಹೋಗುವಷ್ಟನ್ನು ಇಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಹತ್ತು ದಿನ ಎಳೆಯುತ್ತಾರೆ. ಹತ್ತು ನಿಮಿಷ ಷವರ್ ಬಿಟ್ಟುಕೊಂಡು ನಿಂತರೆ 80 ಲೀಟರ್ ಹೋಯಿತು, ಟ್ಯಾಂಕಿನ ಐದನೇ ಒಂದು ಪಾಲು. ಹಾಗಾಗಿ ಮೈ ಒದ್ದೆ ಮಾಡಿಕೊಂಡು ನಲ್ಲಿ ನಿಲ್ಲಿಸು, ಸೋಪು ಹಚ್ಚು, ಮತ್ತೆ ತಿರುಗಿಸಿ ತೊಳೆದುಕೋ. ನಮ್ಮಲ್ಲಿ ಒಂದು ಬಕೆಟ್ ನೀರಿನಲ್ಲಿ ಮಿಂದು ಬೆಳೆದವರಿಗೆ ಇದರಲ್ಲಿ ಹೊಸತೇನೂ ಕಾಣದು. ಇನ್ನೊಂದು ಪೇಚಿದೆ. ಬಳಸಿದ ನೀರನ್ನು ಕಂಡಲ್ಲಿ ಚೆಲ್ಲುವಂತಿಲ್ಲ. ಅಡುಗೆಮನೆ, ಬಚ್ಚಲಿನದ್ದು ಒಂದು ಟ್ಯಾಂಕಿಗೆ, ಕಕ್ಕಸಿನದ್ದು ಮತ್ತೊಂದಕ್ಕೆ. ಅವು ತುಂಬಿದವೆಂದರೆ ಗಾಡಿ ಕಿತ್ತು ಖಾಲಿ ಮಾಡುವ ಕಟ್ಟೆಗೆ ಹೋಗಲೇಬೇಕು.

ಈ ಪರದಾಟವನ್ನು ನೋಡುತ್ತ ಆ ಮರುಭೂಮಿಯಲ್ಲಿ ಸಗ್ವಾರೋ ಎಂಬ ಕಳ್ಳಿ ನಿಂತಿರುತ್ತದೆ. ಮೊದಲ ಎಂಟು ವರ್ಷದಲ್ಲಿ ಅದು ಬೆಳೆಯುವುದು ಒಂದೂವರೆ ಇಂಚು. ಮೊದಲ ಕೊಂಬೆ ಮೂಡಲು 50ರಿಂದ 70 ವರ್ಷ. 150 ವರ್ಷಕ್ಕೂ ಮಿಕ್ಕಿ ಬದುಕಿ ನಲವತ್ತು ಅಡಿ ಏರಬಲ್ಲದು. ಬಲಿತ ಸಗ್ವಾರೋ ಒಂದು ಒಳ್ಳೆಯ ಮಳೆಗೆ ಹೀರಿಕೊಳ್ಳುವ ನೀರು ಸುಮಾರು 750 ಲೀಟರ್ ಎನ್ನುತ್ತಾರೆ. ಎರಡು ಮೋಟಾರ್‌ಹೋಮಿನ ಟ್ಯಾಂಕು, ಪಂಪಿಲ್ಲದೆ!

ಇಲ್ಲಿ ಸರಕು ಹೊತ್ತು ತಿರುಗುವ ಪ್ರಯೋಗವೂ ಹೊಸದಲ್ಲ. 1856-57ರಲ್ಲಿ ಅಮೆರಿಕದ ಸೇನೆ ಹಡಗಿನಲ್ಲಿ ಒಂಟೆಗಳನ್ನು ತರಿಸಿತು. ಎರಡು ಕಂತಿನಲ್ಲಿ ಬಂದವು 70ಕ್ಕೂ ಹೆಚ್ಚು. ಅವುಗಳ ಜೊತೆ ಬಂದ ಹಾಜಿ ಅಲಿ ಎಂಬ ಒಂಟೆಗಾರ 1902ರಲ್ಲಿ ಕ್ವಾರ್ಟ್ಸ್‌ಸೈಟಿನಲ್ಲೇ ತೀರಿಕೊಂಡ. 1935ರಲ್ಲಿ ರಾಜ್ಯದ ಹೆದ್ದಾರಿ ಇಲಾಖೆ ಅವನ ಗೋರಿಯ ಮೇಲೆ ಪಿರಮಿಡ್ ಕಟ್ಟಿ, ತುದಿಗೆ ಒಂದು ಒಂಟೆಯನ್ನು ಕೂರಿಸಿತು. ನೀರಿಲ್ಲದೆ ದಿನಗಟ್ಟಲೆ ನಡೆಯುವ ಆ ಪ್ರಾಣಿ, ಸಿಕ್ಕಾಗ ಕಾಲು ಗಂಟೆಯೊಳಗೆ 100 ಲೀಟರ್ ಕುಡಿಯಬಲ್ಲದು. ಇಬ್ಬರು ಹತ್ತು ದಿನ ಜೋಪಾನ ಮಾಡುವ ಟ್ಯಾಂಕು ಅಂಥ ನಾಲ್ಕು ಒಂಟೆಗಳ ಒಂದು ಹೊತ್ತಿನ ಬಾಯಾರಿಕೆಗೂ ಸಾಲದು.