ಕಾರು ಬೀದಿಯಲ್ಲಿ, ಮೀಟರು ಮನೆಯಲ್ಲಿ: ವಿದ್ಯುತ್ ಕಾರಿನ ಚಾರ್ಜಿಂಗ್ ಲೆಕ್ಕಾಚಾರ

ಬೆಂಗಳೂರಿನಲ್ಲಿಯೇ ತಯಾರಾದ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಾಗ ಅದನ್ನು ಮನೆಯ 15 ಆಂಪಿಯರ್ ಪ್ಲಗ್ಗಿನಿಂದಲೇ ಚಾರ್ಜ್ ಮಾಡಬಹುದಾಗಿತ್ತು. ಕಾಂಪೌಂಡಿನೊಳಗೆ ಕಾರು ನಿಲ್ಲಿಸುವ ಸ್ವಂತ ಜಾಗ ಉಳ್ಳವರಿಗೆ ವಿದ್ಯುತ್ ಕಾರು ಅಂದಿನಂತೆ ಇಂದೂ ಸುಲಭ. ಆದರೆ ಹಳೆಯ ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಮಾಡಿಕೊಂಡಿರುವ ವರ್ತಕರ ಕಾರು ರಾತ್ರಿಯೆಲ್ಲ ಬೀದಿಯಲ್ಲಿ ಅಥವಾ ಬಾಡಿಗೆ ಜಾಗದಲ್ಲಿ ನಿಲ್ಲುತ್ತದೆ. ಅಪಾರ್ಟ್‌ಮೆಂಟ್ ನಿವಾಸಿಗಳಿಗೆ ಜಾಗವಿದ್ದರೂ ಅಲ್ಲಿಗೆ ಅವರ ಮೀಟರಿನ ತಂತಿ ಬಂದಿರುವುದಿಲ್ಲ. ಇಂತಹವರು ಕಾರು ಕೊಳ್ಳುವ ಮುನ್ನ ಪರಿಶೀಲಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ದಿನದ ಅಗತ್ಯ ಎಷ್ಟು?

ಪ್ರತಿ ರಾತ್ರಿ ಬ್ಯಾಟರಿ ಪೂರ್ತಿ ತುಂಬಬೇಕೆಂಬ ಭಾವನೆ ಸರಿಯಲ್ಲ. ದಿನಕ್ಕೆ 40 ಕಿ.ಮೀ. ಓಡುವ ಕಾರು, ಚಾರ್ಜಿಂಗ್ ನಷ್ಟವೂ ಸೇರಿ ಯೂನಿಟ್ಟಿಗೆ 6 ಕಿ.ಮೀ. ಕೊಡುತ್ತದೆಂದು ಭಾವಿಸಿದರೆ, ಬೇಕಾಗುವುದು ಸುಮಾರು 7 ಯೂನಿಟ್ ಮಾತ್ರ. ಸುಮಾರು 3 ಕಿಲೋವ್ಯಾಟ್ ಕೊಡುವ 16 ಆಂಪಿಯರ್ ಸಾಕೆಟ್ಟಿನಿಂದ ಇದು ಎರಡೂವರೆ ಗಂಟೆಯೊಳಗೆ ತುಂಬುತ್ತದೆ. ಆದ್ದರಿಂದ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬುದಕ್ಕಿಂತ ಹಗಲಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಅಂಗಡಿ, ಗೋದಾಮು ಅಥವಾ ಕಾರ್ಖಾನೆಯ ಆವರಣದಲ್ಲಿ ಜಾಗವಿದ್ದರೆ ಅರ್ಧ ಸಮಸ್ಯೆ ಅಲ್ಲಿಯೇ ಪರಿಹಾರವಾದಂತೆ.

ಸಂಪರ್ಕ ಮತ್ತು ಮಂಜೂರಾದ ಲೋಡ್

ಸ್ವಂತ ವಾಹನವನ್ನು ಮನೆ ಅಥವಾ ಕಚೇರಿಯ ಹಾಲಿ ಸಂಪರ್ಕದಿಂದಲೇ ಚಾರ್ಜ್ ಮಾಡಬಹುದೆಂದು ಕೇಂದ್ರ ಇಂಧನ ಸಚಿವಾಲಯದ 2022ರ ಮಾರ್ಗಸೂಚಿ ತಿಳಿಸಿತು. ಆದರೆ ಮಂಜೂರಾದ ಲೋಡ್ ಸಾಲದಿದ್ದರೆ ಅದನ್ನು ಹೆಚ್ಚಿಸಿಕೊಳ್ಳುವುದು ಅವಶ್ಯ. ಪ್ರತ್ಯೇಕ ತಂತಿ, ಸರಿಯಾದ ಅರ್ತಿಂಗ್, ಸೋರಿಕೆ ವಿದ್ಯುತ್ತನ್ನು ಕೂಡಲೇ ಕಡಿಯುವ ಸಾಧನ ಇವು ಕಡ್ಡಾಯವೆಂದೇ ತಿಳಿಯಬೇಕು. ಮೊದಲ ಮಹಡಿಯ ಕಿಟಕಿಯಿಂದ ಬೀದಿಗೆ ತಂತಿ ಇಳಿಬಿಡುವುದು, ಕಾಲುದಾರಿಯ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆಯುವುದು ಪಾದಚಾರಿಗಳ ಪ್ರಾಣಕ್ಕೇ ಅಪಾಯ. ಅನಾಹುತವಾದರೆ ಹೊಣೆ ತಂತಿ ಎಳೆದವನ ಮೇಲೆಯೇ ಬೀಳುತ್ತದೆ.

ಅಪಾರ್ಟ್‌ಮೆಂಟ್ ನಿವಾಸಿಗಳಿಗೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ನೆರವಿಗೆ ಬರುತ್ತವೆ. ಇವುಗಳ ಪ್ರಕಾರ ವಾಹನ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಸಂಪರ್ಕ ಕೋರಬಹುದು. ಕರ್ನಾಟಕದ ವಿದ್ಯುತ್ ದರಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ವರ್ಗವೂ ಇದೆ. ಸಂಘಕ್ಕೆ ಬರೆವಣಿಗೆಯಲ್ಲಿ ಅರ್ಜಿ ಕೊಟ್ಟು, ತಂತಿಯ ಮಾರ್ಗವನ್ನು ನಕ್ಷೆಯಲ್ಲಿ ತೋರಿಸಿ ಒಪ್ಪಿಗೆ ಪಡೆದಿಟ್ಟುಕೊಂಡರೆ ಮುಂದೆ ತಕರಾರಿಗೆ ಅವಕಾಶವಿರುವುದಿಲ್ಲ.

ಸಾರ್ವಜನಿಕ ಕೇಂದ್ರವನ್ನೇ ನಂಬಿದರೆ

ತಿಂಗಳಿಗೆ 1,200 ಕಿ.ಮೀ. ಓಡಾಟಕ್ಕೆ 200 ಯೂನಿಟ್ ಬೇಕು. ಉದಾಹರಣೆಗಾಗಿ ಸ್ವಂತ ಮೀಟರಿನಲ್ಲಿ ಯೂನಿಟ್ಟಿಗೆ ರೂ. 8 ಎಂದು ಇಟ್ಟುಕೊಂಡರೆ ವೆಚ್ಚ ರೂ. 1,600. ಸಾರ್ವಜನಿಕ ವೇಗದ ಚಾರ್ಜರಿನಲ್ಲಿ ಯೂನಿಟ್ಟಿಗೆ ರೂ. 18 ಮತ್ತು ಅದರ ಮೇಲೆ ಶೇ. 18 ಜಿಎಸ್‌ಟಿ ಎಂದರೆ ರೂ. 4,248. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ, ಲೀಟರಿಗೆ ರೂ. 100ರಂತೆ, ರೂ. 8,000. ಅಂದರೆ ಸ್ವಂತ ಮೀಟರ್ ಇದ್ದಾಗ ಆಗುವ ರೂ. 6,400ರ ಉಳಿತಾಯ, ಅದಿಲ್ಲದಾಗ ರೂ. 3,752ಕ್ಕೆ ಇಳಿಯುತ್ತದೆ. ಸರದಿಯಲ್ಲಿ ಕಾಯುವ ಸಮಯದ ಬೆಲೆ ಇದರಲ್ಲಿ ಸೇರಿಲ್ಲ. ಕಾರಿನ ಹೆಚ್ಚುವರಿ ಬೆಲೆ ಎಷ್ಟು ವರ್ಷಗಳಲ್ಲಿ ಹಿಂದಿರುಗುತ್ತದೆ ಎಂಬುದನ್ನು ಎರಡನೆಯ ಅಂಕಿಯಿಂದಲೇ ಲೆಕ್ಕ ಹಾಕುವುದು ಜಾಣತನ.

ತೆರಿಗೆಯ ಅಂಶಗಳು

ವಿದ್ಯುತ್ ವಾಹನ ಮತ್ತು ಚಾರ್ಜರುಗಳ ಮೇಲಿನ ಜಿಎಸ್‌ಟಿಯನ್ನು 2019ರ ಆಗಸ್ಟ್ 1ರಿಂದ ಶೇ. 5ಕ್ಕೆ ಇಳಿಸಲಾಯಿತು. ಆದರೆ ಸಾಮಾನ್ಯ ಪ್ರಯಾಣಿಕ ಕಾರಿನ ಮೇಲೆ ತೆತ್ತ ತೆರಿಗೆಗೆ ಹುಟ್ಟುವಳಿ ಜಮೆ ಸಾಮಾನ್ಯವಾಗಿ ದೊರೆಯದು. ಸರಕು ಸಾಗಿಸುವ ವಾಹನಕ್ಕೆ ಈ ನಿರ್ಬಂಧವಿಲ್ಲ. ಸಾಲದ ಬಡ್ಡಿಗೆ ವ್ಯಕ್ತಿಗಳಿಗೆ ದೊರೆಯುತ್ತಿದ್ದ ರೂ. 1.5 ಲಕ್ಷದವರೆಗಿನ ಆದಾಯ ತೆರಿಗೆ ಕಡಿತವು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಸೀಮಿತವಾಗಿತ್ತು. ಹೊಸ ಸಾಲದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಅಂಗಡಿಯ ಮೀಟರಿನಿಂದ ಮನೆಯ ಕಾರನ್ನು ಚಾರ್ಜ್ ಮಾಡುವವರು ಒಂದು ಉಪಮೀಟರ್ ಅಳವಡಿಸುವುದು ಒಳ್ಳೆಯದು. ಸ್ವಂತ ಬಳಕೆಯ ಯೂನಿಟ್ಟುಗಳನ್ನು ವ್ಯಾಪಾರದ ಖರ್ಚಿನಿಂದ ಬೇರ್ಪಡಿಸದಿದ್ದರೆ ತೆರಿಗೆ ನಿರ್ಧಾರಣೆಯ ವೇಳೆ ಪ್ರಶ್ನೆ ಏಳುವುದು ಸಹಜ.

ನೆರೆಯವರಿಗೂ ಚಾರ್ಜಿಂಗ್ ಒದಗಿಸಿದರೆ

ಖಾಲಿ ಜಾಗವುಳ್ಳ ವರ್ತಕರಿಗೆ ಇದು ಸಣ್ಣ ಆದಾಯದ ಮಾರ್ಗವೂ ಹೌದು. ಚಾರ್ಜಿಂಗ್ ಎಂಬುದು ವಿದ್ಯುತ್ತಿನ ಮಾರಾಟವಲ್ಲ, ಸೇವೆ. ಅದಕ್ಕೆ ಪರವಾನಗಿ ಬೇಡವೆಂದು ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಅದು ಶೇ. 18 ಜಿಎಸ್‌ಟಿಗೆ ಒಳಪಡುವ ಸೇವೆಯೆಂದು ಕರ್ನಾಟಕದ ಮುಂಗಡ ನಿರ್ಣಯ ಪ್ರಾಧಿಕಾರವು 2023ರಲ್ಲಿ ಹೇಳಿತು. ಇಂತಹ ನಿರ್ಣಯ ಅರ್ಜಿದಾರರನ್ನೂ ಸಂಬಂಧಿಸಿದ ಅಧಿಕಾರಿಯನ್ನೂ ಮಾತ್ರ ಬದ್ಧಗೊಳಿಸಿದರೂ, ಇಲಾಖೆಯ ನಿಲುವನ್ನು ಅದು ಸೂಚಿಸುತ್ತದೆ. ನೋಂದಾಯಿತ ವರ್ತಕರು ಬಿಲ್ಲು ಕೊಡದೆ ಹಣ ಪಡೆಯಬಾರದು. ಗೃಹಬಳಕೆಯ ಸಂಪರ್ಕದಿಂದ ಹಣ ಪಡೆದು ಇತರರ ಕಾರು ಚಾರ್ಜ್ ಮಾಡಿದರೆ ಅನಧಿಕೃತ ಬಳಕೆಯೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೆಯ ಕಲಮಿನಡಿ ದುಪ್ಪಟ್ಟು ದರ ತೆರಬೇಕಾಗಬಹುದು.

ಒಟ್ಟಿನಲ್ಲಿ, ಷೋರೂಮಿಗೆ ಹೋಗುವ ಮೊದಲು ವಿದ್ಯುತ್ ಬಿಲ್ಲಿನಲ್ಲಿರುವ ಮಂಜೂರಾದ ಲೋಡನ್ನೂ ಬಾಡಿಗೆ ಕರಾರನ್ನೂ ಒಮ್ಮೆ ಓದುವುದು ಕ್ಷೇಮ. ಚಾರ್ಜಿಂಗ್ ಜಾಗ ಖಚಿತವಾದ ಬಳಿಕ ಮುಂಗಡ ಕಟ್ಟುವವರಿಗೆ ನಷ್ಟದ ಭಯ ಕಡಿಮೆ.