ಹೊಸ ರಬ್ಬರ್ ಹಾಕಿದರೂ ಬ್ರೇಕ್ ಸೋರುವುದೇಕೆ?

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಅಂಬಾಸಿಡರ್, ಪದ್ಮಿನಿ ಕಾರುಗಳನ್ನು ಇಂದಿಗೂ ಜತನದಿಂದ ಇಟ್ಟುಕೊಂಡವರಿದ್ದಾರೆ. ಅಂಬಾಸಿಡರ್ ತಯಾರಿ 2014ರಲ್ಲಿ ನಿಂತಿತು, ಪದ್ಮಿನಿಯದು ಅದಕ್ಕೂ ಮೊದಲೇ. ಹಾಗಾಗಿ ಬ್ರೇಕ್ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆಯಬೇಕು. ಅಷ್ಟು ಅಲೆದು ತಂದ ವೀಲ್ ಸಿಲಿಂಡರ್ ಕಿಟ್ ವಾರದಲ್ಲೇ ಸೋರಿದರೆ ‘ಡೂಪ್ಲಿಕೇಟ್ ಮಾಲು’ ಎಂಬ ತೀರ್ಪು ಕೂಡಲೇ ಬಂದುಬಿಡುತ್ತದೆ. ನನ್ನ ಪ್ರಕಾರ ಅದು ಆತುರದ ತೀರ್ಪು. ಬಹಳಷ್ಟು ಸಲ ತಪ್ಪು ಹೊಸ ರಬ್ಬರಿನದಲ್ಲ, ಅದು ಹೋಗಿ ಕೂತ ಹಳೆಯ ಜಾಗದ್ದು.

ಕಿಟ್‌ನಲ್ಲಿರುವ ರಬ್ಬರ್ ಕಪ್ ತಾನೊಂದೇ ಆಯಿಲ್ ತಡೆಯಲಾರದು. ಪೆಡಲ್ ಒತ್ತಿದಾಗ ಅದರ ಅಂಚು ಹರಡಿ ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳಬೇಕು, ಅದಕ್ಕೆ ಗೋಡೆ ನುಣುಪಾಗಿರಬೇಕು. ಮಾಮೂಲಿ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಂತರೆ ಆ ನೀರಿನಂಶ ಬೀಡುಕಬ್ಬಿಣದ ಗೋಡೆಯನ್ನು ತಿಂದು ಗುಳಿ ಮಾಡುತ್ತದೆ. ಒಳಗೆ ಒರೆಸಿ ಟಾರ್ಚ್ ಬಿಟ್ಟರೆ ಕಪ್ಪು ಚುಕ್ಕೆಗಳು ಕಾಣುತ್ತವೆ, ಉಗುರು ಆಡಿಸಿದರೆ ತಡೆಯುತ್ತದೆ. ಹೋನಿಂಗ್ ಮಾಡಿ, ಎಂದರೆ ಗೋಡೆಯನ್ನು ಉಜ್ಜಿ, ಗುಳಿ ತೆಗೆಯಬಹುದು, ಆದರೆ ತೆಗೆದಷ್ಟೂ ಸಿಲಿಂಡರ್ ಅಗಲವಾಗುತ್ತದೆ, ಮೂಲ ಅಳತೆಯ ಕಪ್ ಸಡಿಲವಾಗುತ್ತದೆ. ಇನ್ನೊಂದು ಕಾರಣ ಕೆಲಸದ ರೂಢಿಯಲ್ಲೇ ಇದೆ. ಬಿಡಿಭಾಗಗಳನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯುವುದು ನಮ್ಮಲ್ಲಿ ಸಾಮಾನ್ಯ. ಬ್ರೇಕಿನ ರಬ್ಬರಿಗೆ ಅದೇ ವಿಷ: ಊದಿಕೊಂಡು ಮೆತ್ತಗಾಗುತ್ತದೆ. ಅದನ್ನು ತೊಳೆಯಬೇಕಾದದ್ದು ಹೊಸ ಬ್ರೇಕ್ ಆಯಿಲ್‌ನಲ್ಲೇ. ಪೈಪಿನ ನಟ್ಟೂ ಮೋಸ ಮಾಡುತ್ತದೆ. ಬ್ರಿಟಿಷ್ ಮೂಲದ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ 3/8 ಇಂಚಿನದು, ಎಂದರೆ 9.525 ಮಿ.ಮೀ.; ಈಗಿನ ಕಾರುಗಳಲ್ಲಿ ಹೆಚ್ಚಾಗಿ 10 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ತಪ್ಪು ಜೋಡಿ ಸೇರಿದರೆ ಸ್ಪ್ಯಾನರ್ ಎಷ್ಟು ಎಳೆದರೂ ಸೋರಿಕೆ ನಿಲ್ಲದು, ಮರೆ ಹಾಳಾಗುತ್ತದೆ ಅಷ್ಟೆ.

ಮಾರುಕಟ್ಟೆಯಲ್ಲಿ ಕಳಪೆ ರಬ್ಬರ್ ಇಲ್ಲವೇ ಎಂದರೆ, ಇದೆ. ವರ್ಷಾನುಗಟ್ಟಲೆ ಕಪಾಟಿನಲ್ಲಿ ಕೂತು ಗಡುಸಾದ ಮಾಲೂ ಇದೆ. ಆದರೆ ಅದೇ ಅಂಗಡಿಯ ಕಿಟ್ ಮೂರು ಚಕ್ರಗಳಲ್ಲಿ ಹನಿ ಬಿಡದೆ ಕೂತು, ನಾಲ್ಕನೆಯದರಲ್ಲಿ ಮಾತ್ರ ಎರಡೆರಡು ಸಲ ಸೋರಿದರೆ ದೂರು ರಬ್ಬರಿನ ಮೇಲೆ ನಿಲ್ಲುವುದಿಲ್ಲ. ನಾಲ್ಕೂ ಕಡೆ ಊದಿಕೊಂಡಿದ್ದರೆ ಆಗಲೂ ಮೊದಲು ಅನುಮಾನಿಸಬೇಕಾದದ್ದು ತೊಳೆದದ್ದು ಯಾವುದರಲ್ಲಿ, ತುಂಬಿದ ಆಯಿಲ್ ಯಾವುದು ಎಂಬುದನ್ನು. ಹಿಂದಿನ ಚಕ್ರದ ಒದ್ದೆ ಬ್ರೇಕಿನದೇ ಆಗಬೇಕೆಂದೂ ಇಲ್ಲ, ಆಕ್ಸಲ್ ಸೀಲಿನಿಂದ ಬಂದ ಗೇರ್ ಆಯಿಲ್ ಇರಬಹುದು. ಒಂದು ಬಟ್ಟಲು ನೀರಿಗೆ ಹನಿ ಬಿಟ್ಟರೆ ಗೊತ್ತಾಗುತ್ತದೆ: ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯುತ್ತದೆ, ಗೇರ್ ಆಯಿಲ್ ತೇಲುತ್ತದೆ. ಎಲ್ಲೂ ಹನಿ ಕಾಣದೆ, ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಇಳಿಯುತ್ತಿದ್ದರೆ ನೋಡಬೇಕಾದದ್ದು ಮಾಸ್ಟರ್ ಸಿಲಿಂಡರ್.

ಸಣ್ಣ ಸೋರಿಕೆ ತಾನೆ, ಆಯಿಲ್ ತುಂಬಿಸಿಕೊಂಡು ಓಡಿಸೋಣ ಎನ್ನುವವರಿದ್ದಾರೆ. ಈ ಮಾತನ್ನು ಒಪ್ಪಲೇಬಾರದು. ಹಳೆಯ ಅಂಬಾಸಿಡರ್‌ನಲ್ಲಿ ನಾಲ್ಕೂ ಚಕ್ರಕ್ಕೆ ಆಯಿಲ್ ಹೋಗುವ ಹಾದಿ ಒಂದೇ. ಒಂದು ಕಪ್ ಕೈಕೊಟ್ಟರೆ ನಾಲ್ಕೂ ಬ್ರೇಕ್ ಹೋಗುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟದಿಂದ ದೇವನಹಳ್ಳಿ ಕಡೆಗೆ ಇಳಿಯುವಾಗ ಹಾಗಾದರೆ ಹ್ಯಾಂಡ್‌ಬ್ರೇಕ್, ಗೇರ್ ಬಿಟ್ಟು ಬೇರೆ ಆಸರೆ ಇರುವುದಿಲ್ಲ.

ಗುಳಿ ಬಿದ್ದ ಸಿಲಿಂಡರಿಗೆ ಮತ್ತೊಂದು ಕಿಟ್ ಕೊಳ್ಳುವ ಬದಲು ಅದನ್ನು ನುರಿತ ಲೇತ್ ಕೆಲಸದವರಲ್ಲಿಗೆ ಒಯ್ಯುವುದು ಮೇಲು. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಕೂರಿಸಿ ಮೂಲ ಅಳತೆಗೆ ತರಿಸಬಹುದು. ಜೋಡಿಸಿ, ಏರ್ ತೆಗೆದ ಮೇಲೆ ಚಕ್ರ ಹಾಕುವ ಮುನ್ನ, ಡ್ರಮ್ ಕೂರಿಸಿದ ಸ್ಥಿತಿಯಲ್ಲೇ ಒಬ್ಬರು ಪೆಡಲ್ ಒತ್ತಿ ಹಿಡಿದು ಬಿಡಲಿ, ಆಮೇಲೆ ಇನ್ನೊಬ್ಬರು ಡ್ರಮ್ ತೆಗೆದು ಸಿಲಿಂಡರಿನ ಧೂಳು ರಬ್ಬರಿನ ಅಂಚು ಎತ್ತಿ ನೋಡಲಿ. ಅಲ್ಲಿ ಒದ್ದೆಯಿದ್ದರೆ ಕಾರು ಶೆಡ್ಡಿನಿಂದ ಹೊರಗೆ ಬರಬಾರದು.