ಮೂಲೆಯಿಂದ ನಡುವಿಗೆ: ಸಿದ್ದಿ ಹೆಂಗಸರ ಕವಂದಿ

ನೂಲಿನ ಸೀರೆ ಹಳತಾದರೆ ಏನು ಮಾಡುವುದು? ನಮ್ಮ ಕಡೆಯ ಮನೆಗಳಲ್ಲಿ ನಾಲ್ಕು ಮಡಿಕೆ ಮಾಡಿ ಕೂಸಿಗೆ ಹಾಸುತ್ತಿದ್ದರು. ಆಮೇಲೆ ಅದು ಅಡುಗೆಮನೆಯ ಕೈಬಟ್ಟೆ, ಕಡೆಗೆ ನೆಲ ಒರಸುವ ಬಟ್ಟೆ. ಅದೇ ಸೀರೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೈಗೆ ಬಿದ್ದರೆ ಕವಂದಿಯಾಗುತ್ತದೆ. ಬಯಲುಸೀಮೆಯ ಕೌದಿಗೆ ಇದು ಹತ್ತಿರದ ನಂಟು.

ಸಿದ್ದಿಗಳು ಶತಮಾನಗಳ ಹಿಂದೆ ಪೂರ್ವ ಆಫ್ರಿಕದಿಂದ ಗುಲಾಮರಾಗಿ, ಸಿಪಾಯಿಗಳಾಗಿ ಬಂದವರ ಸಂತತಿ. ಗೋವೆಯ ಪೋರ್ಚುಗೀಸ್ ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರೂ ಇವರಲ್ಲುಂಟು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. 2003ರಲ್ಲಿ ಇವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅನೇಕರಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಮನೆಯ ಮಾತು ಒಂದು, ಓದಿನ ಮಾತು ಇನ್ನೊಂದು ಎಂಬುದು ನಮ್ಮ ಓದುಗರಿಗೇನೂ ಹೊಸ ಸಂಗತಿಯಲ್ಲ.

ಇನ್ನು ಹೊಲಿಯುವ ಕ್ರಮ. ಅಮೆರಿಕದ ಹೆಂಗಸರ ತೇಪೆ ಹೊದಿಕೆಯಲ್ಲಿ ಮೊದಲು ಅಳತೆಯ ತುಂಡುಗಳನ್ನು ಜೋಡಿಸಿ ಒಂದೊಂದೇ ಚೌಕ ಮಾಡುತ್ತಾರೆ. ಚೌಕಗಳೆಲ್ಲ ಕೂಡಿದ ಮೇಲೆ ಅಡಿಬಟ್ಟೆಯಿಟ್ಟು ಮತ್ತೆ ಹೊಲಿಯಬೇಕು. ಕವಂದಿಗೆ ಈ ಎರಡು ದುಡಿತವಿಲ್ಲ. ಅಡಿಗೆ ಒಂದು ಹಳೆಯ ಸೀರೆ. ಅದರ ಒಂದು ಮೂಲೆಯಲ್ಲಿ ಮೊದಲ ತುಂಡನ್ನಿಟ್ಟು, ಅಂಚನ್ನು ಒಳಕ್ಕೆ ಮಡಚಿ, ಸೂಜಿಯನ್ನು ಮೇಲೂ ಕೆಳಗೂ ಹಾಯಿಸುವ ಸಾದಾ ಹೊಲಿಗೆ ಹಾಕುತ್ತಾರೆ. ಎರಡನೆಯ ತುಂಡು ಮೊದಲಿನದರ ಮೇಲೆ ತುಸು ಏರಿ ಕೂರುತ್ತದೆ. ಹೀಗೆ ಅಂಚಿನುದ್ದಕ್ಕೂ ಒಂದು ಸುತ್ತು. ಆ ಸುತ್ತಿನ ಒಳಗೆ ಇನ್ನೊಂದು. ತುಂಡು ಕೂಡಿಸುವುದೂ ಪದರ ಬಿಗಿಯುವುದೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತದೆ. ನಡುವಿಗೆ ಬಂದಾಗ ಕವಂದಿ ಪೂರ್ತಿ.

ಕೇಳಲು ಸುಲಭ. ಆದರೆ ಹೊರಗಿನಿಂದ ಒಳಗೆ ಬರುವಾಗ ಬಟ್ಟೆ ನಡುವಿನಲ್ಲಿ ಉಬ್ಬದಂತೆ ಅಂಗೈಯಿಂದ ಸವರಿ ಸವರಿ ಹೊಲಿಯಬೇಕು. ಮೂಲೆಯಲ್ಲಿ ಮಾಡಿದ ಸಣ್ಣ ತಪ್ಪು ನಡುವಿಗೆ ಬರುವಾಗ ಸುಕ್ಕಾಗಿ ಕಾಣುತ್ತದೆ. ಕಾಗದದ ನಕ್ಷೆಯಿಲ್ಲ, ಅಳತೆಪಟ್ಟಿಯಿಲ್ಲ. ಯಾವ ಬಣ್ಣದ ಪಕ್ಕ ಯಾವುದು ಎಂಬುದು ಕೈಗೆ ಸಿಕ್ಕಿದ ತುಂಡೂ ಹೊಲಿಯುವವಳ ಕಣ್ಣೂ ಸೇರಿ ಮಾಡುವ ತೀರ್ಮಾನ. ದೊಡ್ಡ ತುಂಡಿನ ಮೇಲೆ ಅಲ್ಲಲ್ಲಿ ಗಾಢ ಬಣ್ಣದ ಪುಟ್ಟ ಚೂರುಗಳನ್ನು ಇಡುವುದುಂಟು. ನಾಲ್ಕು ಮೂಲೆಗಳಿಗೆ ಮಡಚಿದ ಮುಕ್ಕೋನದ ‘ಫೂಲ’, ಎಂದರೆ ಹೂವು, ಬೇಕೇ ಬೇಕು. ಹೂವಿಲ್ಲದ ಕವಂದಿ ಬತ್ತಲೆ ಎಂದು ಅವರ ಎಣಿಕೆ.

ಈ ಕವಂದಿಗಳು ಅಮೆರಿಕದ ವಸ್ತುಪ್ರದರ್ಶನಗಳಿಗೂ ಹೋಗಿ ಬಂದಿವೆ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಬಗ್ಗೆ ಬರೆದು ಹೊರಗಿನವರ ಗಮನ ಸೆಳೆದರು. ಮಾರಾಟಕ್ಕೆ ದಾರಿಯಾಯಿತು, ಸಂತೋಷವೇ. ಆದರೆ ಕೊಳ್ಳುವವರು ಹೊಸ ಬಟ್ಟೆ ಇರಲಿ, ಗೆರೆ ನೇರವಾಗಿರಲಿ ಎಂದು ಹಟ ಹಿಡಿದರೆ ಕವಂದಿಯಲ್ಲಿ ಉಳಿಯುವುದೇನು? ಮನೆಯವರು ಉಟ್ಟು ಸವೆದ ಬಟ್ಟೆಯ ಮೆತ್ತನೆ ಅಂಗಡಿಯ ಥಾನಿಗೆ ಬಾರದು. ಇನ್ನೊಂದು ತೊಡಕೂ ಇದೆ. ಈಗ ಹೆಂಗಸರ ಪೆಟ್ಟಿಗೆಯಲ್ಲಿ ನೂಲಿನ ಸೀರೆಗಿಂತ ಪಾಲಿಯೆಸ್ಟರ್ ಹೆಚ್ಚು. ಅದು ಸೂಜಿಯಡಿ ಜಾರುತ್ತದೆ, ಬೆವರು ಹೀರುವುದಿಲ್ಲ.

‘ಹಳೇ ಬಟ್ಟೆಗೆ ಇಷ್ಟು ಹಣವೇ?’ ಎಂದು ಕೇಳುವವರನ್ನು ನಾವು ಕಂಡಿದ್ದೇವೆ. ಸತ್ಯ ಹೇಳಬೇಕೆಂದರೆ ಮೊದಲ ಸಲ ನಾವೂ ಹಾಗೆಯೇ ಎಂದುಕೊಂಡದ್ದು. ಚೌಕಾಶಿಗೆ ಮೊದಲು ಕವಂದಿಯ ಬೆನ್ನು ತಿರುವಿ ನೋಡಬೇಕು. ಅಲ್ಲಿ ಬಣ್ಣದ ತುಂಡುಗಳ ಗದ್ದಲವಿಲ್ಲ. ಒಂದರೊಳಗೊಂದು ಸುತ್ತಿದ ಹೊಲಿಗೆಯ ಸಾಲುಗಳು ಎಣಿಸಲು ಸಿಗುತ್ತವೆ.